ಬಲಗಡೆಯ ಸೀಟು

ಕಾರು ನೋಡಲು ಬಂದ ಲೇಲ್ಯಾಂಡ್ ರಪ್, ಬಂದ ಇಪ್ಪತ್ತೇ ನಿಮಿಷದಲ್ಲಿ ಗುರುತು ಪರಿಚಯವಿಲ್ಲದವರ ಶವಯಾತ್ರೆಯೊಂದರಲ್ಲಿ ಸಿಕ್ಕಿಹಾಕಿಕೊಂಡ.

ತಪ್ಪು ಅವನದಲ್ಲ, ಹೆಡ್‌ಲೈಟಿನದು. ಆ ಪುಟ್ಟ ಕಾರಿನ ದೀಪಗಳು ಒಮ್ಮೆ ಹತ್ತಿದರೆ ಎಂಜಿನ್ ಆರಿಸುವ ತನಕ ಆರುತ್ತಿರಲಿಲ್ಲ. ಅಮೆರಿಕದ ಈ ನಮ್ಮ ಹಾರ್ಮನ್ ಊರಿನಲ್ಲಿ ಹಾಡಹಗಲೇ ದೀಪ ಹಚ್ಚಿಕೊಂಡು ಮೆಲ್ಲಗೆ ಹೋಗುವ ಕಾರೆಂದರೆ ಅದು ಸ್ಮಶಾನಕ್ಕೆ ಹೊರಟ ಕಾರು. ಮುಖ್ಯರಸ್ತೆಯ ತಿರುವಿನಲ್ಲಿ ನಿಂತಿದ್ದ ಪೊಲೀಸಿನವನು ಎದುರಿನ ಜೋಳದ ಲಾರಿಗಳನ್ನು ತಡೆದು, ಟೋಪಿ ತೆಗೆದು, ತುಂಬ ಗೌರವದಿಂದ ಕೈಬೀಸಿ ಇವನನ್ನು ಸಾಲಿನೊಳಕ್ಕೆ ಸೇರಿಸಿದ. ಮುಂದೆ ಹದಿನೇಳು ಕಾರು, ಹಿಂದೆ ಇಪ್ಪತ್ತು.

"ಪಕ್ಕಕ್ಕೆ ತಿರುಗಿಸ್ಲಾ?" ಎಂದು ಲೇಲ್ಯಾಂಡ್ ಬೆವರುತ್ತಾ ಕೇಳಿದ.

"ಎಲ್ಲಿಗೆ ತಿರುಗಿಸ್ತೀರ? ಸಾಲು ಮುರೀಬಾರ್ದು," ಎಂದಳು ಬಲಗಡೆಯ ಸೀಟಿನಲ್ಲಿದ್ದ ಆರ್ಡಿತ್ ಶ್ರಾಕ್, ಕಾರಿನ ಒಡತಿ. ಇಲ್ಲಿ ಸ್ಟೀರಿಂಗ್ ಎಡಗಡೆ, ಬಲಗಡೆ ಕೂರುವವರು ಬರೀ ಜೊತೆಗಾರರು. "ಮೂವತ್ತೊಂದು ವರ್ಷ ಸ್ಕೂಲ್ ಬಸ್ ಓಡಿಸಿದೀನಿ, ಒಂದು ದಿನ ಶವಯಾತ್ರೆ ಸಾಲು ಮುರಿದಿಲ್ಲ. ನೀವು ಬಂದು ಮುರಿಸ್ಬೇಡಿ."

"ಸತ್ತಿರೋದು ಯಾರು?"

"ವರ್ನನ್ ಬೆಕ್. ತೊಂಬತ್ತೊಂದು. ಆ ಮುದುಕನ ಐದೂ ಮಕ್ಕಳನ್ನ ಸ್ಕೂಲಿಗೆ ಹೊತ್ತಿದ್ದು ನಾನೇ. ಮುಂದೆ ನೋಡ್ಕೊಂಡು ಓಡಿಸಿ."

ಹೀಗೆ ಮೂವತ್ತು ಮೈಲಿ ದೂರದ ಊರಿನಿಂದ ಹಳೇ ಕಾರು ಕೊಳ್ಳಲು ಬಂದವನು, ಹಸಿರು ಅಂಗಿ, ಧೂಳು ಹಿಡಿದ ಬೂಟು ತೊಟ್ಟು ವರ್ನನ್ ಬೆಕ್ ಅವರ ಸಮಾಧಿಯ ಬದಿಯಲ್ಲಿ ತಲೆ ತಗ್ಗಿಸಿ ನಿಂತ. ನಿಂತವನನ್ನು ಜನ ಬಿಡಲೂ ಇಲ್ಲ. ಚರ್ಚಿನ ನೆಲಮಾಳಿಗೆಯ ಊಟಕ್ಕೆ ತಳ್ಳಿಕೊಂಡೇ ಹೋದರು. ಹ್ಯಾಮು, ಚೀಸ್ ಸುರಿದು ಬೇಯಿಸಿದ ಆಲೂಗಡ್ಡೆ, ಕ್ಯಾರೆಟ್ ತುರಿ ತೇಲಿಬಿಟ್ಟ ಕಿತ್ತಳೆ ಬಣ್ಣದ ಜೆಲ್ಲಿ. ಸತ್ತವರ ಹಿರಿಯ ಸೊಸೆ ಎರಡನೇ ಸಲ ಬಡಿಸುತ್ತಾ, "ನೀವು ಮಾವನಿಗೆ ಹೇಗೆ ಪರಿಚಯ?" ಎಂದು ಕೇಳಿದಳು. ಲೇಲ್ಯಾಂಡನ ಬಾಯಿತುಂಬ ಆಲೂಗಡ್ಡೆ. ಅವನು ನುಂಗಿ, ಕೆಂಪಾಗಿ, ಇನ್ನೊಮ್ಮೆ ನುಂಗುವಷ್ಟರಲ್ಲಿ ಆರ್ಡಿತ್, "ಇವರು ನನ್ನ ಡ್ರೈವರ್ ಕಣಮ್ಮ" ಎಂದುಬಿಟ್ಟಳು. ಮೇಜಿನವರೆಲ್ಲ ನಕ್ಕರು. ಯಾರೋ ಅವನ ಭುಜ ತಟ್ಟಿ, "ಹುಷಾರಪ್ಪ, ಈ ಯಮ್ಮನಿಗೆ ಡ್ರೈವರ್ ಆಗೋದಕ್ಕಿಂತ ಟೈರ್ ಆಗೋದು ವಾಸಿ!" ಎಂದರು.

ಆ ಭುಜ ತಟ್ಟಿದ್ದರ ಬಗ್ಗೆ ಒಂದು ಮಾತು. ಅವತ್ತಿನ ವಿಷಯ ಹೇಳುವಾಗಲೆಲ್ಲ ಲೇಲ್ಯಾಂಡ್ ಇವತ್ತಿಗೂ ಅಲ್ಲಿಗೆ ಬಂದು ನಿಲ್ಲುತ್ತಾನೆ. ತಟ್ಟಿದ್ದು ಯಾವ ಭುಜ ಎಂಬುದೂ ನೆನಪಿದೆ. ಎಡಗಡೆಯದು.

ಲೇಲ್ಯಾಂಡನದು ಹೆಸರಿಗೆ ತಕ್ಕ ಲಾರಿಯ ಮೈಕಟ್ಟು. ಆರಡಿ ಮೂರಂಗುಲ, ಅರವತ್ತಮೂರು ವರ್ಷ. ಕೆಲಸ ಧಾನ್ಯದ ಉಗ್ರಾಣದ ತೂಕದ ಕಟ್ಟೆಯಲ್ಲಿ. ಕಾಳು ತುಂಬಿದ ಲಾರಿ ಬಂದು ಕಟ್ಟೆಯ ಮೇಲೆ ನಿಲ್ಲುತ್ತದೆ, ಲೇಲ್ಯಾಂಡ್ ಕಿಟಕಿಯ ಹಿಂದಿನಿಂದ ಒಂದು ಅಂಕಿ ಕೂಗುತ್ತಾನೆ, ಲಾರಿ ಹೊರಟುಹೋಗುತ್ತದೆ. ಮೂವತ್ತೆಂಟು ವರ್ಷ ಅವನ ಮುಂದೆ ಬಂದವರೆಲ್ಲ ಹೊರಡುವುದಕ್ಕೇ ಬಂದವರು. ತೂಕದ ಮನುಷ್ಯ ಎಂದು ಅವನನ್ನು ಧಾರಾಳವಾಗಿ ಕರೆಯಬಹುದು. ಮಾತು ಮಾತ್ರ ಗ್ರಾಮ್ ಲೆಕ್ಕದಲ್ಲಿ. ಹೆಂಡತಿ ಜೊಲೀನ್ ಹತ್ತೊಂಬತ್ತು ವರ್ಷದ ಹಿಂದೆ ಅರಿಝೋನಾದ ಬಿಸಿಲಿಗೆ ಹೋದವಳು, ಬಿಸಿಲು ಹಿತವಾಗಿ ಅಲ್ಲೇ ಉಳಿದಳು. ಜಗಳವೇನಿಲ್ಲ. ಜಗಳಕ್ಕೂ ಮಾತು ಬೇಕಲ್ಲ.

ಅವನ ಹಳೇ ಪಿಕಪ್ಪಿನ ನೆಲ ಆ ಸೆಪ್ಟೆಂಬರಿನಲ್ಲಿ ತುಕ್ಕು ತಿಂದು ತೂತಾಯಿತು. ಕಾಲಿನ ಕೆಳಗೆ ರಸ್ತೆ ಕಾಣತೊಡಗಿದಾಗ ಅವನಿಗೂ ಬೇರೆ ದಾರಿ ಕಾಣಲಿಲ್ಲ. ದನದ ಮೇವು ಮಾರುವ ಫೀಡ್ ಅಂಗಡಿಯ ಬೋರ್ಡಿನ ಮೇಲೆ ಆರ್ಡಿತ್ ಅಂಟಿಸಿದ ಚೀಟಿ ಕಂಡಿತು. ಹದಿಮೂರು ವರ್ಷ ಹಳೆಯ, ಬೂದುಬಣ್ಣದ, ಇಲ್ಲೇ ತಯಾರಾದ ಚಿಕ್ಕ ಕಾರು, ಸಾವಿರದೆಂಟುನೂರು ಡಾಲರು. ಕೆಳಗೆ, ಚೀಟಿಯ ಅರ್ಧ ಜಾಗ ನುಂಗಿದ ದಪ್ಪ ಅಕ್ಷರದಲ್ಲಿ: ಇದ್ದ ಹಾಗೆ. ಇಲ್ಲಿ ಹಳೇ ಕಾರು ಮಾರುವವರೆಲ್ಲ ಬರೆಯುವ ಮಾತು ಅದು. ಇದು ಇರುವುದು ಹೀಗೆ. ಬೇಕಾದರೆ ತಗೊಳ್ಳಿ, ಆಮೇಲೆ ದೂರು ತರಬೇಡಿ. ಮದುವೆಯ ಕರಾರುಗಳಲ್ಲೂ ಇದನ್ನು ಬರೆದಿದ್ದರೆ ಅರಿಝೋನಾದ ಜನಸಂಖ್ಯೆ ಎಷ್ಟೋ ಕಡಿಮೆಯಾಗುತ್ತಿತ್ತು.

ಅಕ್ಷರ ಅಷ್ಟು ದಪ್ಪ ಏಕೆಂದರೆ ಆರ್ಡಿತ್‌ಗೆ ಸಣ್ಣಕ್ಷರ ಕಾಣುತ್ತಿರಲಿಲ್ಲ. ಅವಳ ಎರಡೂ ಕಣ್ಣಿನ ನಡುಭಾಗ ಮಸುಕಾಗುತ್ತಾ ಬಂದಿತ್ತು. ಅಂಚು ಕಾಣುತ್ತದೆ, ಎದುರಿಗಿರುವುದು ಕಾಣದು. ಆಗಸ್ಟಿನಲ್ಲಿ ಅವಳ ಲೈಸೆನ್ಸು ನವೀಕರಣವಾಗಲಿಲ್ಲ. ಎದುರುಮನೆಯವಳಾದ ನನಗೇ ಅವಳು ಅದನ್ನು ಹೇಳಲಿಲ್ಲ. "ಸುಮ್ನೆ ನಿಂತಿದೆ, ಮಾರ್ತಿದೀನಿ" ಎಂದಳು ಅಷ್ಟೆ. ವರ್ನನ್ ಬೆಕ್ ಮಣ್ಣಾಗುವ ದಿನ ಬೆಳಿಗ್ಗೆ ಏಳಕ್ಕೇ ಅವಳು ಕಡುನೀಲಿ ಕೋಟು ತೊಟ್ಟು ವರಾಂಡದಲ್ಲಿ ಕೂತಿದ್ದಳು. ಕೇಳಿದ್ದರೆ ನಾನು ಕರೆದುಕೊಂಡು ಹೋಗುತ್ತಿದ್ದೆ. ಆದರೆ ಹೆಸರಿನಲ್ಲೇ ಆರ್ಡರ್ ಇಟ್ಟುಕೊಂಡ ಹೆಂಗಸು ಆರ್ಡಿತ್. ಆಜ್ಞೆ ಮಾಡಬಲ್ಲಳು, ಕೇಳಿಕೊಳ್ಳಲಾರಳು. ಆಮೇಲೆ ಯೋಚಿಸಿದರೆ, ಕಾರು ನೋಡುವವನಿಗೆ ಹತ್ತೂವರೆಗೇ ಬರಹೇಳಿದ್ದು, ದೀಪದ ವಿಷಯ ಹೇಳದೆ ಮರೆತದ್ದು, ಮುಖ್ಯರಸ್ತೆಯ ಕಡೆಗೇ ತಿರುಗಿಸಲು ಹೇಳಿದ್ದು... ಇರಲಿ. ಕಾನ್ವೆಂಟಿನಲ್ಲಿ ಸಿಸ್ಟರ್ ಅಗಾಥಾ ನಮಗೆ ಕಲಿಸಿದ್ದು, ಪಕ್ಕದವರ ಪಾಪ ಎಣಿಸಬಾರದು ಎಂದು. ಎದುರುಮನೆಯವರ ಬಗ್ಗೆ ಅವರು ಏನೂ ಹೇಳಿರಲಿಲ್ಲ.

ಚರ್ಚಿನ ಊಟ ಮುಗಿದು ವಾಪಸ್ ಬಂದಮೇಲೆ ಲೇಲ್ಯಾಂಡ್ ಕಾರಿನ ಸುತ್ತ ಎರಡು ಸುತ್ತು ಹಾಕಿದ. ಟೈರು ಒದ್ದ. ಇಲ್ಲಿನ ಗಂಡಸರು ಟೈರು ಒದೆಯದೆ ಕಾರು ಕೊಳ್ಳುವುದಿಲ್ಲ. ಒದ್ದು ಏನು ತಿಳಿಯುತ್ತದೆಂದು ಟೈರಿಗೂ ಗೊತ್ತಿಲ್ಲ.

"ಏನು, ತಗೋತೀರಾ?"

"ಇನ್ನೊಂದ್ಸಲ ನೋಡ್ಬೇಕು."

"ಏನ್ ನೋಡ್ಬೇಕು? ನಾಲ್ಕು ಚಕ್ರ ಇದೆ. ಎಣಿಸಿದ್ರಲ್ಲ?"

"ಬರೋ ಶನಿವಾರ ಬರ್ಲಾ?"

"ಬನ್ನಿ. ಈ ಸಲ ಯಾರೂ ಸಾಯೋದಿಲ್ಲ, ನಾನು ಮಾತು ಕೊಡೋಕಾಗಲ್ಲ ಅಷ್ಟೆ."

ಮುಂದಿನ ಶನಿವಾರ ಬಂದ. ಅದರ ಮುಂದಿನದಕ್ಕೂ ಬಂದ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ತಿಂದು ತಿಂದು ಊರಿಗೆ ಹೋಗಿ ಕಾಗದ ಹಾಕುತ್ತೇವೆ ಎನ್ನುತ್ತಾರಲ್ಲ, ಹಾಗಿತ್ತು ಇವನ ವರಸೆ. ಹೆಣ್ಣಿಗಾದರೆ ಕಿವಿ ಕೇಳುತ್ತದೆಯೇ, ಹಾಡು ಬರುತ್ತದೆಯೇ ಎಂದು ನೋಡುತ್ತಾರೆ. ಇವನು ಹಾರನ್ ಕೇಳಿಸಿಕೊಂಡ. ಒಂದು ವಾರ ಬ್ರೇಕು ನೋಡಬೇಕು, ಇನ್ನೊಂದು ವಾರ ಹೀಟರು ನೋಡಬೇಕು. ಬ್ರೇಕಿಗಿಂತ ಹೆಚ್ಚಾಗಿ ಅವನು ನೋಡಿಕೊಂಡದ್ದು ತನಗೆ ಬೇಕಾದ ಒಂದೇ ಸಂಗತಿಯನ್ನು: ಓಡಿಸುವಾಗ ಬಲಗಡೆಯ ಸೀಟಿನಲ್ಲಿ ಒಬ್ಬರು ಕೂತಿರುತ್ತಾರೆ. ಕೊಳ್ಳುವ ತನಕ ಮಾಲೀಕರು ಪಕ್ಕದಲ್ಲಿ ಕೂರುವುದು ಪದ್ಧತಿ. ಕೊಂಡುಬಿಟ್ಟರೆ ಕಾರು ಅವನದು, ಸೀಟು ಖಾಲಿ.

ಆರ್ಡಿತ್ ಕೂತರೆ ಕಾರಲ್ಲ, ಬಸ್ಸು ಓಡಿಸಿದ ಹಾಗೆ. "ಕನ್ನಡಿ ನೋಡಿ." "ಮೊಣಕೈ ಒಳಗೆ." "ಅಷ್ಟು ಹತ್ತಿರ ಹೋಗ್ಬೇಡಿ ಮಹರಾಯ್ರೇ, ಮುಂದಿನವರ ಬೆನ್ನು ಕೆರೀಬೇಕಾ?" ರೈಲು ಹಳಿ ಬಂದರಂತೂ ಪೂರ್ತಿ ಪೂಜೆ. ಇಲ್ಲಿ ಸ್ಕೂಲ್ ಬಸ್ಸಿನವರು ಪ್ರತಿ ಹಳಿಯ ಮುಂದೂ ಬಸ್ಸು ನಿಲ್ಲಿಸಿ, ಬಾಗಿಲು ತೆರೆದು, ಕಿವಿಗೊಟ್ಟು ಕೇಳಿ ಆಮೇಲೆ ದಾಟಬೇಕು. ಕಾರಿನವರು ಹಾಗೆ ಮಾಡುವುದಿಲ್ಲ. ಲೇಲ್ಯಾಂಡನಿಂದ ಅವಳು ಮಾಡಿಸಿದಳು.

"ನಿಲ್ಸಿ. ಕಿಟಕಿ ಇಳಿಸಿ. ಕೇಳಿ."

"ಏನೂ ಕೇಳಿಸ್ತಿಲ್ಲ."

"ಸುಮ್ನಿರಿ ಮೊದ್ಲು. ಆಮೇಲೆ ಏನೂ ಕೇಳಿಸ್ತಿಲ್ಲ ಅನ್ನಿ."

ಕಟಾವಾದ ಜೋಳದ ಹೊಲ, ಎರಡೂ ಕಡೆ ಕಣ್ಣಿಗೆ ಎಟುಕುವಷ್ಟು ದೂರ ನೇರ ಓಡುವ ಹಳಿ, ಒಳಗೆ ಇಬ್ಬರು ಏನೂ ಇಲ್ಲದ್ದನ್ನು ಕಿವಿಗೊಟ್ಟು ಕೇಳುತ್ತಾ. ಇಷ್ಟು ಚೆನ್ನಾಗಿ ಯಾರ ಜೊತೆಗೂ ಸುಮ್ಮನಿದ್ದದ್ದು ಲೇಲ್ಯಾಂಡನಿಗೆ ನೆನಪಿರಲಿಲ್ಲ. ಒಂಟಿಯಾಗಿ ಸುಮ್ಮನಿರುವುದರಲ್ಲಿ ಅವನು ಪರಿಣತ. ಇದು ಬೇರೆ.

ಮೂರನೇ ಶನಿವಾರ ಅವನಿಗೆ ಅವಳ ಕಣ್ಣಿನ ಸಂಗತಿ ತಿಳಿಯಿತು. ಅಕ್ಟೋಬರ್ ಕೊನೆ, ಮನೆಮನೆಯ ಮುಂದೆ ಹ್ಯಾಲೋವೀನ್ ಎಂಬ ದೆವ್ವದ ಹಬ್ಬದ ಅಲಂಕಾರ. ಮೈರನ್ ಶಾಂಟ್ಸ್ ಎಂಬವರ ಅಂಗಳದಲ್ಲಿ ಹಳೇ ಪ್ಯಾಂಟು ಅಂಗಿಗೆ ಹುಲ್ಲು ತುಂಬಿ, ಟೋಪಿ ಹಾಕಿ ಕುರ್ಚಿಯ ಮೇಲೆ ಕೂರಿಸಿದ್ದರು. ಆರ್ಡಿತ್ ಕಿಟಕಿ ಇಳಿಸಿ ಕೈಬೀಸಿ, "ಏನ್ ಮೈರನ್, ಸೊಂಟ ಹೇಗಿದೆ?" ಎಂದು ಕೂಗಿದಳು.

ಹುಲ್ಲು ಉತ್ತರ ಕೊಡಲಿಲ್ಲ.

"ನೋಡಿ, ಎಷ್ಟು ಜಂಭ ಇವನಿಗೆ," ಎಂದಳು ಆರ್ಡಿತ್.

ಲೇಲ್ಯಾಂಡ್ ತಾನೂ ಕಿಟಕಿ ಇಳಿಸಿ ಆ ಹುಲ್ಲಿನ ಮೈರನ್‌ಗೆ ಕೈಬೀಸಿದ. "ಕೈ ಎತ್ತಿದ್ರು," ಎಂದ. "ನಿಧಾನಕ್ಕೆ. ಸೊಂಟ ನೋವಿರ್ಬೇಕು."

ಅವನ ಬಾಯಿಂದ ಒಂದೇ ಉಸಿರಿಗೆ ಅಷ್ಟು ಪದ ಹೊರಟದ್ದು ಅದೇ ಮೊದಲು. ಅಷ್ಟೂ ಸುಳ್ಳು.

ನಾಲ್ಕನೇ ಶನಿವಾರ ಆರ್ಡಿತ್ ವರಾಂಡದಿಂದ ಇಳಿಯಲೇ ಇಲ್ಲ. "ನರ್ಸಿಂಗ್ ಓದೋ ಹುಡುಗಿ ಒಬ್ಬಳು ಫೋನ್ ಮಾಡಿದ್ಲು. ಸೋಮವಾರ ಬಂದು ತಗೊಂಡು ಹೋಗ್ತಾಳಂತೆ, ನೋಡೋದೇ ಬೇಡವಂತೆ. ನಿಮ್ಮದು ಏನಾದ್ರೂ ನೋಡೋದು ಬಾಕಿ ಇದೆಯಾ? ಆ್ಯಶ್‌ಟ್ರೇ ನೋಡಿಲ್ಲ ನೀವು."

ಅವನಿಗೆ ಆಗ ಎರಡೇ ದಾರಿ. ಕೊಳ್ಳದಿದ್ದರೆ ಕಾರೂ ಇಲ್ಲ, ಶನಿವಾರವೂ ಇಲ್ಲ. ಕೊಂಡರೆ ಕಾರಾದರೂ ಇರುತ್ತದೆ. "ತಗೋತೀನಿ," ಎಂದ. ಇಬ್ಬರೂ ಕಾಗದಪತ್ರದ ಕಚೇರಿಗೆ ಹೋದರು. ಗುಮಾಸ್ತೆ ಬೆರಳಿಟ್ಟು ತೋರಿಸಿದ ಜಾಗದಿಂದ ಒಂದಂಗುಲ ಕೆಳಗೆ ಆರ್ಡಿತ್ ಸಹಿ ಮಾಡಿದಳು. ವಾಪಸ್ ಮನೆಗೆ ಬಿಟ್ಟಾಗ ಸೀಟಿನ ಮುಂದಿನ ಡ್ಯಾಶ್‌ಬೋರ್ಡಿನ ಗೂಡಿನಿಂದ ಒಂದು ಕರವಸ್ತ್ರ, ಪುದೀನ ಪೆಪ್ಪರ್‌ಮಿಂಟಿನ ಡಬ್ಬಿ ತೆಗೆದುಕೊಂಡಳು. ಡಬ್ಬಿ ಅಲ್ಲಾಡಿಸಿ ನೋಡಿ, ಮತ್ತೆ ಅಲ್ಲೇ ಇಟ್ಟಳು.

"ಇದ್ದ ಹಾಗೆ ಅಂತ ಬರ್ದಿದೆ. ನೆನಪಿರಲಿ. ಆಮೇಲೆ ಬಂದು ಅಳೋ ಹಾಗಿಲ್ಲ."

"ಇಲ್ಲ."

"ಹಳಿ ಹತ್ರ ನಿಲ್ಸಿ."

"ಹೂಂ."

ಸೀಟುಪಟ್ಟಿ ಬಿಚ್ಚಿ ಇಳಿದು, ಕೈಯಿಂದ ಗೋಡೆ ಸವರುತ್ತಾ ಒಳಹೋದಳು. ನಾನು ಅತ್ತಿಂದ ನೋಡುತ್ತಿದ್ದೆ. ಕಾರು ಎಷ್ಟೋ ಹೊತ್ತು ಅಲ್ಲೇ ನಿಂತಿತ್ತು, ದೀಪ ಉರಿಸಿಕೊಂಡು. ಯಾರೋ ಸತ್ತ ಮನೆಯ ಮುಂದೆ ನಿಂತ ಹಾಗೆ.

ಊರು ದಾಟಿ ನಲವತ್ತು ಮೈಲಿ ವೇಗ ಮುಟ್ಟುತ್ತಲೇ ಸದ್ದು ಶುರುವಾಯಿತು. ಕಟಕಟಕಟ. ನಾಲ್ಕು ವಾರದಲ್ಲಿ ಒಂದು ದಿನವೂ ಕೇಳದ ಸದ್ದು. ಕೊಂಡ ಮೇಲೆ ಕಾರು ತನ್ನ ಕಾರುಬಾರು ತೋರಿಸುವುದು ವಾಡಿಕೆ. ಹೊಗೆ ಕಾರುವುದು, ಎಣ್ಣೆ ಕಾರುವುದು. ಇದು ಬರೀ ಸದ್ದು ಕಾರುತ್ತಿತ್ತು. ಅವನ ಊರಿನ ಮೆಕ್ಯಾನಿಕ್ ಡೂಯಿ ಕೆಳಗೆ ಮಲಗಿ ನೋಡಿದ, ಮೇಲೆ ಕೂತು ನೋಡಿದ. ಅವನು ಬಲಗಡೆ ಕೂತಾಗ ಸದ್ದಿಲ್ಲ. ಇಳಿದರೆ ಉಂಟು.

"ಖಾಲಿ ಸೀಟು ಕಣಯ್ಯ. ಅಡಿಯಲ್ಲಿ ಸ್ಪ್ರಿಂಗ್ ಸಡಿಲ ಆಗಿದೆ. ಏನಾದ್ರೂ ಭಾರ ಇಡು, ಬಾಯಿ ಮುಚ್ಕೊಳ್ಳುತ್ತೆ."

"ರಿಪೇರಿ?"

"ಸೀಟೇ ಬದಲಾಯಿಸ್ಬೇಕು. ಕಾರಿನ ಅರ್ಧ ಬೆಲೆ. ಯಾರನ್ನಾದ್ರೂ ಕೂರಿಸ್ಕೊಂಡು ಓಡಾಡು, ಅದು ಅಗ್ಗ."

ಯಾರನ್ನಾದರೂ ಕೂರಿಸಿಕೊಳ್ಳುವುದು ಎಷ್ಟು ತುಟ್ಟಿ ಎಂಬುದು ಡೂಯಿಗೆ ಗೊತ್ತಿರಲಿಲ್ಲ; ಅವನಿಗೆ ಹೆಂಡತಿ, ಅತ್ತೆ, ಆರು ಮಕ್ಕಳು. ಲೇಲ್ಯಾಂಡ್ ನಲವತ್ತು ಪೌಂಡಿನ ಉಪ್ಪಿನ ಚೀಲ ತಂದು ಇಟ್ಟ, ಮನೆಯ ಗಡಸು ನೀರು ಮೆದುವಾಗಿಸುವ ಯಂತ್ರಕ್ಕೆ ಇಲ್ಲಿ ಎಲ್ಲರೂ ಹಾಕುವ ಉಪ್ಪು. ಕಟಕಟ ನಿಂತಿತು, ಆದರೆ ಸೀಟಿನಲ್ಲಿ ಯಾರೋ ಕೂತರೆಂದು ಭ್ರಮಿಸಿದ ಕಾರು ಪಟ್ಟಿ ಕಟ್ಟಿ ಪಟ್ಟಿ ಕಟ್ಟಿ ಎಂದು ಕಿರುಚತೊಡಗಿತು. ಉಪ್ಪಿಗೂ ಪಟ್ಟಿ ಕಟ್ಟಿದ. ಸಪ್ಪೆ ಬಾಳಿಗೆ ನಲವತ್ತು ಪೌಂಡು ಉಪ್ಪು ಬಂತು ಎಂದು ನಾನು ಹೇಳಬಹುದು. ಅವನಿಗೆ ರುಚಿ ಹತ್ತಲಿಲ್ಲ.

ಉಗ್ರಾಣದಲ್ಲಿ ಲಾರಿಯವರಿಗೆ ಹಬ್ಬ. "ಲೇಲ್ಯಾಂಡ್, ಯಾವಾಗಪ್ಪ ಮದುವೆ ಆಯ್ತು? ಹುಡುಗಿ ಬೆಳ್ಳಗಿದಾಳೆ!"

"ಮಾತು ಕಮ್ಮಿ, ಇವನಿಗೆ ಸರಿಯಾದ ಜೋಡಿ."

"ಮಳೇಲಿ ಮಾತ್ರ ಹೊರಗೆ ಕರ್ಕೊಂಡ್ ಹೋಗ್ಬೇಡ ಕಣೋ, ಕರಗಿಹೋಗ್ತಾಳೆ."

ಅವನೂ ನಕ್ಕ. ಅಂಕಿ ಕೂಗಿದ. ಲಾರಿಗಳು ಹೊರಟುಹೋದವು.

ಮನೆಗೆ ಹೋಗುವ ದಾರಿಯಲ್ಲಿ ಎರಡು ರೈಲು ಹಳಿ. ಎರಡರ ಮುಂದೂ ಅವನು ಕಾರು ನಿಲ್ಲಿಸುತ್ತಿದ್ದ, ಕಿಟಕಿ ಇಳಿಸುತ್ತಿದ್ದ, ಕೇಳುತ್ತಿದ್ದ. ಹಿಂದಿನವರು ಹಾರನ್ ಬಾರಿಸಿ ಬೈಯುತ್ತಿದ್ದರು. ನವೆಂಬರಿನ ಗಾಳಿ ಒಳಗೆ ಬಂದು ಉಪ್ಪಿನ ಚೀಲದ ಕಿವಿಯನ್ನು ಪಟಪಟ ಬಡಿಯುತ್ತಿತ್ತು. ಏನೂ ಕೇಳಿಸುತ್ತಿರಲಿಲ್ಲ. ಹಾಗೆಂದು ಹೇಳಲು ಯಾರೂ ಇರಲಿಲ್ಲ. ಒಂದು ಸಂಜೆ, ಚೀಲದ ಕಡೆಗೆ ತಿರುಗಿ ಬಾಯಿ ತೆರೆದವನು, ತೆರೆದದ್ದಕ್ಕೆ ನಾಚಿ ಒಂದು ಪೆಪ್ಪರ್‌ಮಿಂಟು ಹಾಕಿಕೊಂಡನಂತೆ. ಇದನ್ನೆಲ್ಲ ಆಮೇಲೆ ತುಣುಕು ತುಣುಕಾಗಿ ಅವನೇ ಹೇಳಿದ್ದು. ಅವನು ಹೇಳುವುದು ತುಣುಕುಗಳಲ್ಲೇ.

ಡಬ್ಬಿಯಲ್ಲಿದ್ದ ಪೆಪ್ಪರ್‌ಮಿಂಟು ಹನ್ನೊಂದು. ಹನ್ನೊಂದನೆಯದು ಮುಗಿದ ಮರುದಿನ ಶನಿವಾರ. ಬೆಳಿಗ್ಗೆ ಕ್ಷೌರ ಮಾಡಿಕೊಳ್ಳುತ್ತಾ ಕನ್ನಡಿಯ ಮುಂದೆ ಒಂದು ವಾಕ್ಯ ಕಟ್ಟಿಕೊಂಡ: "ಆರ್ಡಿತ್, ನಿಮಗೆ ಎಲ್ಲಿಗಾದರೂ ಹೋಗಬೇಕಾದರೆ ನಾನು ಕರೆದುಕೊಂಡು ಹೋಗುತ್ತೇನೆ, ನನಗೆ ಅದು ಸಂತೋಷ." ಇಪ್ಪತ್ತು ಸಲ ಹೇಳಿದ. ಇಪ್ಪತ್ತನೇ ಸಲಕ್ಕೆ ಗಲ್ಲ ಕೊಯ್ದುಕೊಂಡ. ಉಪ್ಪಿನ ಚೀಲವನ್ನು ಎತ್ತಿ ಹಿಂದಿನ ಡಿಕ್ಕಿಗೆ ಹಾಕಿದ. ಮೂವತ್ತು ಮೈಲಿಯುದ್ದಕ್ಕೂ ಖಾಲಿ ಸೀಟು ಕಟಕಟ ಎನ್ನುತ್ತಿತ್ತು, ಅವನು ಅದರ ಮೇಲಿಂದ ತನ್ನ ವಾಕ್ಯವನ್ನು ಗಟ್ಟಿಯಾಗಿ ಹೇಳುತ್ತಾ ಬಂದ.

ನಾನು ಅಂಗಳದಲ್ಲಿ ಮೇಪಲ್ ಎಲೆ ಗುಡಿಸುತ್ತಿದ್ದೆ. ಉರಿಯುವ ದೀಪಗಳೊಂದಿಗೆ ಕಾರು ಬಂದು ನಿಂತಿತು. ಆರ್ಡಿತ್ ವರಾಂಡದಲ್ಲಿದ್ದಳು. ಅದೇ ಕಡುನೀಲಿ ಕೋಟು. ಆ ತಿಂಗಳು ಊರಿನಲ್ಲಿ ಯಾರೂ ಸತ್ತಿರಲಿಲ್ಲ. ಆದರೂ ಹಿಂದಿನ ಶನಿವಾರ, ಅದರ ಹಿಂದಿನ ಶನಿವಾರ ಕೂಡ ಹತ್ತೂವರೆಗೆ ಅವಳು ಆ ಕೋಟಿನಲ್ಲೇ ಕೂತಿದ್ದನ್ನು ನಾನು ನೋಡಿದ್ದೆ.

ಅವಳು ಎಂಜಿನಿನ ಸದ್ದಿನ ಕಡೆಗೆ ಮುಖ ತಿರುಗಿಸಿ, ಕಣ್ಣಿನ ಅಂಚಿನಿಂದ ನೋಡಲು ತಲೆ ಓರೆ ಮಾಡಿದಳು.

"ಯಾರದು? ಲೇಲ್ಯಾಂಡಾ?"

"ಹೂಂ."

"ಕಾರು ವಾಪಸ್ ತಂದ್ರಾ? ಇದ್ದ ಹಾಗೆ ಅಂತ ಎಷ್ಟು ದಪ್ಪ ಬರ್ದಿದ್ದೆ, ಕುರುಡರಿಗೂ ಕಾಣೋ ಹಾಗೆ!"

"ವಾಪಸ್ ಅಲ್ಲ."

"ಮತ್ತೆ? ಕೆಟ್ಟಿದೆಯಾ?"

"ಇಲ್ಲ."

"ಹಳಿ ಹತ್ರ ನಿಲ್ಸ್ತೀರಾ?"

"ಎರಡೂ ಕಡೆ."

ಅವಳು ಕೋಟಿನ ಮೇಲಿನ ಗುಂಡಿ ಬಿಚ್ಚಿದಳು, ಮತ್ತೆ ಹಾಕಿದಳು. ಲೇಲ್ಯಾಂಡ್ ಕಾರಿನ ಬಲಗಡೆಯ ಬಾಗಿಲ ಹಿಡಿ ಹಿಡಿದು ನಿಂತಿದ್ದ, ಗಲ್ಲದ ಮೇಲೆ ಅಂಟಿಸಿದ ಕಾಗದದ ಚೂರು ಗಾಳಿಗೆ ಅಲ್ಲಾಡುತ್ತಿತ್ತು. ನಾನು ಗುಡಿಸುವುದನ್ನು ನಿಲ್ಲಿಸಿ, ನಿಲ್ಲಿಸಿದ್ದು ಗೊತ್ತಾಗಬಾರದೆಂದು ಮತ್ತೆ ಗುಡಿಸಿದ ಕಡೆಯೇ ಗುಡಿಸಿದೆ.

ಆರ್ಡಿತ್ ಕೇಳಿದಳು. ಬಸ್ಸಿನ ದನಿಯಲ್ಲಿ ಅಲ್ಲ. ಅಷ್ಟು ಸಣ್ಣ ದನಿ ಅವಳ ಹತ್ತಿರ ಇದೆಯೆಂದು ಇಪ್ಪತ್ತೆರಡು ವರ್ಷದಲ್ಲಿ ನನಗೇ ತಿಳಿದಿರಲಿಲ್ಲ.

"ಮೂವತ್ತು ಮೈಲಿ ಬಂದಿದೀರ. ನಿಜ ಹೇಳಿ. ಯಾಕೆ ಬಂದ್ರಿ?"

ಲೇಲ್ಯಾಂಡ್ ಬಾಯಿ ತೆರೆದ. ಇಪ್ಪತ್ತು ಸಲ ಹೇಳಿದ್ದ ವಾಕ್ಯ ಎಲ್ಲೋ ದಾರಿಯಲ್ಲಿ ಇಳಿದುಹೋಗಿತ್ತು. ಅವನು ಖಾಲಿ ಸೀಟನ್ನು ನೋಡಿದ, ಅವಳನ್ನು ನೋಡಿದ, ತೂಕದ ಕಟ್ಟೆಯ ಕಿಟಕಿಯಿಂದ ಅಂಕಿ ಕೂಗುವ ದನಿಯಲ್ಲಿ ಹೇಳಿದ:

"ನೀವು ಕೂತ್ರೆ ಸೀಟು ಸದ್ದು ಮಾಡಲ್ಲ."